ಬಾದಾಮಿಯಲ್ಲಿ ತಪ್ಪಿದ ಸಮುದ್ರ

ನನ್ನ ಗಂಡನ ಸೋದರತ್ತೆ, ಹುನಗುಂದದ ತುಂಗಾ ಅತ್ಯಾ ಹೇಳುವ ಪ್ರಕಾರ, ನಾವು ಗಂಡ ಹೆಂಡತಿ ಸಮುದ್ರ ನೋಡದೇ ಹೊರಳಿ ಬಂದದ್ದಕ್ಕೆ ಕಾರಣ ನನ್ನ ಬಾಯಿ. ಬಾದಾಮಿಯ ಹೊಂಡಕ್ಕೆ ಇಳಿಯುವ ಪಾವಟಿಗೆಗಳ ಮೇಲೆ ನಾನು ಮಾತಿಗೆ ಕೂತೆನಂತೆ, ಮಾತು ಮುಗಿಯಲಿಲ್ಲವಂತೆ, ರೈಲುಗಾಡಿ ನನ್ನ ಸಲುವಾಗಿ ನಿಲ್ಲಲಿಲ್ಲವಂತೆ. ಪಾಪ, ನನ್ನ ಗಂಡ ಬಾಯಿಲ್ಲದ ಮನುಷ್ಯ, ಏನು ಮಾಡಿಯಾರು? ಇಳಕಲ್ಲಿನಿಂದ ಬಾಗಲಕೋಟೆಯವರೆಗೆ ನಮ್ಮ ಪೈಕಿ ಯಾವ ಲಗ್ನ, ಯಾವ ಮುಂಜಿವೆ, ಯಾವ ತೊಟ್ಟಿಲ ಕಾರ್ಯ ನಡೆದರೂ ಊಟದ ಎಲೆ ಎತ್ತಿದ ಮೇಲೆ ಎಲೆ ಅಡಿಕೆಯ ತಟ್ಟೆಯ ಜೊತೆಗೆ ಈ ಕಥೆಯೂ ಒಂದು ಸುತ್ತು ತಿರುಗುತ್ತದೆ.

ನನ್ನ ತಕರಾರು ಸರಳವಾಗಿದೆ. ಅತ್ಯಾ ಅಂದು ಬಾದಾಮಿಯಲ್ಲಿ ಇರಲೇ ಇಲ್ಲ. ಕೇಳಿದ್ದನ್ನು ಕಂಡಂತೆ ಹೇಳುವ ಸಾಕ್ಷಿಯನ್ನು ಯಾವ ಕೋರ್ಟೂ ಒಪ್ಪುವುದಿಲ್ಲ. ನಮ್ಮ ಬಂಧುಬಳಗ ಮಾತ್ರ ಬಾಯಿಗೆ ಸೆರಗು ಹಚ್ಚಿ ನಗುತ್ತ ಒಪ್ಪುತ್ತದೆ. ಹೋದ ವಾರ ಇಳಕಲ್ಲಿನಲ್ಲಿ ನನ್ನ ತಂಗಿಯ ಮಗನ ತೊಟ್ಟಿಲ ಕಾರ್ಯದಲ್ಲಿ ಅತ್ಯಾ ಈ ಕಥೆಯನ್ನು ಕೈಬಾಯಿ ಮಾಡಿ ಆಡಿ ತೋರಿಸಿದರು. ಗಾಡಿ ಹೋಗುವುದನ್ನು ಸಹ ತೋರಿಸಿದರು, ಸಿಳ್ಳಿನ ಸಮೇತ. ಹೊಸದಾಗಿ ಹೆಸರಿಟ್ಟ ಕೂಸು ಬೆಚ್ಚಿ ಅಳಹತ್ತಿತು.

"ಅತ್ಯಾ, ನೀವು ಅಲ್ಲಿ ಇದ್ರೇನು?" ಎಂದು ನಾನು ಕೇಳಿದೆ.

"ನಾ ಯಾಕ ಇರಬೇಕ ಅಲ್ಲಿ? ನಿನ್ನ ಬಾಯಿ ಇಲ್ಲಿಗೇ ಕೇಳಸ್ತದಲ್ಲವಾ ಸುಮಿತ್ರಾ," ಎಂದರು ಅತ್ಯಾ.

ಪಡಸಾಲೆಯೆಲ್ಲ ನಕ್ಕಿತು. ಗಂಡಸರ ಸಾಲಿನಲ್ಲಿ ಕೂತಿದ್ದ ನನ್ನ ಗಂಡನೂ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಸುಮ್ಮನೆ ಕೂತದ್ದಕ್ಕೆ ಬಂದಿತು. ಆ ಕಥೆಗೆ ಕಣ್ಣಾರೆ ಕಂಡ ಸಾಕ್ಷಿ ಇಬ್ಬರೇ, ನಾನು ಮತ್ತು ಇವರು. ನಾನು ಆರೋಪಿಯಾದ್ದರಿಂದ ನನ್ನ ಮಾತು ನಡೆಯುವುದಿಲ್ಲ. ಉಳಿದ ಒಬ್ಬ ಸಾಕ್ಷಿ ಅಡಿಕೆ ಕತ್ತರಿಸುತ್ತ ಕೂತಿದ್ದರು.

ಬಾಗಲಕೋಟೆಗೆ ಹೊರಳಿ ಬಂದ ಮರುದಿನ ಮನೆಯ ಕಿಟಕಿ ಒರೆಸುವಾಗ ಅಲ್ಲಿಟ್ಟ ಮೇಜಿನ ಗಂಟೆಗೆ ಕೈ ತಾಗಿ ಟಣ್ ಎಂದಿತು. ಅಂಗೈಯಿಂದ ಮೇಲೆ ಬಡಿದರೆ ನುಡಿಯುವ ಹಿತ್ತಾಳೆಯ ಗಂಟೆ ಅದು. ಇವರ ಲಗ್ನಪೂರ್ವದ ಆಸ್ತಿ. ನಮ್ಮ ಮನೆಯಲ್ಲಿ ಅದಕ್ಕೆ ಗಾಳಿಗೆ ಹಾರುವ ಇವರ ಸಾಲೆಯ ಉತ್ತರಪತ್ರಿಕೆಗಳ ಮೇಲೆ ಕೂಡುವುದೊಂದೇ ಕೆಲಸ. ಅಂದು ಅದು ನುಡಿಯಿತು ನೋಡಿ, ನನ್ನ ತಲೆಯಲ್ಲಿ ಒಂದು ವಾದ ಎದ್ದು ನಿಂತಿತು. ಇಷ್ಟು ವರ್ಷ ಹೇಗೆ ಹೊಳೆದಿರಲಿಲ್ಲವೋ!

ಈ ಗಂಟೆಯನ್ನು ನಾನು ಮೊದಲು ಕಂಡದ್ದು ಧಾರವಾಡದಲ್ಲಿ, ಕಾಲೇಜಿನ ಚರ್ಚಾಸ್ಪರ್ಧೆಯ ದಿನ. ವಿಷಯ, ಪರ್ವತ ಹೆಚ್ಚೋ ಸಮುದ್ರ ಹೆಚ್ಚೋ ಎಂಬುದು. ಇಂಥ ವಿಷಯ ಇಟ್ಟವರ ಬುದ್ಧಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಚೀಟಿ ಎತ್ತಿದಾಗ ನನಗೆ ಸಮುದ್ರ ಬಂದಿತು. ಇಳಕಲ್ಲಿನ ಹುಡುಗಿಗೆ ಸಮುದ್ರ! ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ಕೂಡಲಸಂಗಮದಲ್ಲಿ ಕೃಷ್ಣೆ ತುಂಬಿ ಬಂದದ್ದು. ನಮ್ಮ ಓಣಿಯಲ್ಲಿ ಬಣ್ಣದ ಬಾನಿಗಳಿದ್ದವು. ನೂಲು ಅದ್ದಿ ತೆಗೆದ ಮೇಲೆ ಉಳಿಯುವ ನೀಲಿ ನೀರನ್ನು ಕಂಡಿದ್ದೆ. ಅಷ್ಟೇ ಬಂಡವಾಳ. ಆದರೆ ಚರ್ಚೆಯಲ್ಲಿ ಪಳಗಿದವರಿಗೆ ಗೊತ್ತಿರುತ್ತದೆ, ಕಾಣದ್ದರ ಬಗ್ಗೆ ಮಾತಾಡುವುದು ಕಂಡದ್ದಕ್ಕಿಂತ ಸುಲಭ. ಕಂಡದ್ದು ನಡುನಡುವೆ ಬಂದು ಅಡ್ಡ ನಿಲ್ಲುತ್ತದೆ.

ವೇದಿಕೆಯ ಮಗ್ಗುಲಲ್ಲಿ ಒಂದು ಸಣ್ಣ ಮೇಜು. ಅದರ ಹಿಂದೆ ಕರಿಕೋಟಿನ ತೆಳ್ಳನೆಯ ತರುಣ, ಶಿಕ್ಷಕ ತರಬೇತಿಗೆ ಬಂದಿದ್ದ ಗಣಿತದ ಮನುಷ್ಯ. ಎದುರಿಗೆ ತಂದೆಯ ಕಾಲದ ಕಿಸೆಗಡಿಯಾರ, ಅಂಗೈ ಕೆಳಗೆ ಈ ಗಂಟೆ. ವೇಳೆ ಮುಗಿಯಿತೋ, ಟಣ್! ಯಾರ ಮುಲಾಜೂ ಇಲ್ಲ. ಪರ್ವತದ ಪರವಾಗಿ ಬಂದ ಬೆಳಗಾವಿಯ ಹುಡುಗನೊಬ್ಬ ಹಿಮಾಲಯವನ್ನು ಅರ್ಧ ಏರಿದ್ದ, ಅಲ್ಲಿಯೇ ಇಳಿಸಿದರು. ಸಂಸ್ಕೃತ ಶ್ಲೋಕದ ಎರಡನೆಯ ಸಾಲಿನ ಮೇಲೆ ಗಂಟೆ ಬಾರಿಸಿದರೆ ಶ್ಲೋಕದ ಗತಿ ಏನಾದೀತು, ಯೋಚಿಸಿ.

ಆಮೇಲೆ ನಾನು ಎದ್ದೆ. ನಾನು ಏನು ಹೇಳಿದೆನೆಂದು ಇಲ್ಲಿ ಬರೆದರೆ ನೀವು ಅತ್ಯಾನ ಪಕ್ಷ ಸೇರುತ್ತೀರಿ. ಸಾರಾಂಶ ಇಷ್ಟು: ಪರ್ವತ ತಾನು ನಿಂತಲ್ಲಿಗೆ ಜನರನ್ನು ಕರೆಯುತ್ತದೆ, ಸಮುದ್ರ ತಾನೇ ದಂಡೆಗೆ ಬಂದು ಕಾಲು ಮುಟ್ಟಿ ಮಾತಾಡಿಸುತ್ತದೆ, ಹಾಗಾದರೆ ದೊಡ್ಡಸ್ತಿಕೆ ಯಾರದು? ಸಭೆ ಚಪ್ಪಾಳೆ ಹೊಡೆಯಿತು. ನಾನು ಮುಗಿಸಿ ಕೂತೆ. ಗಂಟೆ ಬಾರಿಸಲಿಲ್ಲ. ಬೆಳಗಾವಿಯ ಹುಡುಗ ಎದ್ದು ನಿಂತು, ಈ ಬಾಯಿಯವರು (ನಮ್ಮ ಕಡೆ ಹೆಂಗಸರನ್ನು ಕರೆಯುವುದೇ ಹಾಗೆ) ವೇಳೆ ಮೀರಿದ್ದಾರೆಂದು ತಕರಾರು ಮಾಡಿದ. ನಿರ್ಣಾಯಕರು ಕರಿಕೋಟಿನವರ ಕಡೆ ನೋಡಿದರು. ಅವರು ಗಡಿಯಾರ ನೋಡಿ, "ವೇಳೆಯ ಒಳಗೇ ಮುಗಿಸಿದ್ದಾರೆ" ಎಂದರು. ಮೊದಲ ಬಹುಮಾನದ ಢಾಲು ನನಗೆ ಬಂದಿತು.

ಆ ಢಾಲಿಗಿಂತ ಆ ಒಂದು ಮಾತು ನನಗೆ ದೊಡ್ಡದಾಗಿತ್ತು. ಚಿಕ್ಕಂದಿನಿಂದ ಮನೆಯಲ್ಲಿ, ಓಣಿಯಲ್ಲಿ, ಸಾಲೆಯಲ್ಲಿ "ಸಾಕು ಮುಗಸವಾ ತಾಯಿ" ಎನ್ನಿಸಿಕೊಂಡು ಬೆಳೆದವಳು ನಾನು. ಗಡಿಯಾರ ಇಟ್ಟುಕೊಂಡ, ಮುಲಾಜಿಲ್ಲದ, ಗಣಿತ ಬಲ್ಲ ಅಪರಿಚಿತನೊಬ್ಬ ತುಂಬಿದ ಸಭೆಯಲ್ಲಿ ನನ್ನ ಮಾತಿಗೆ ಅಳತೆ ಇದೆಯೆಂದು ಸಾಕ್ಷಿ ಹೇಳಿದ್ದ.

ಮುಂದೆ ಕನ್ನಡದ ಸೀಮೆಗಳೆಲ್ಲ ಕೂಡಿ ಒಂದೇ ರಾಜ್ಯವಾದ ವರ್ಷ ನನ್ನನ್ನು ನೋಡಲು ಹುನಗುಂದದ ಕಡೆಯವರು ಬಂದರು. ಗೊಂಬೆಯಂತೆ ಕೂಡಬೇಕೆಂದು ಅವ್ವ ಹೇಳಿ ಕೂಡಿಸಿದ್ದಳು. ತಲೆ ಎತ್ತಿ ನೋಡುತ್ತೇನೆ, ಅದೇ ಕರಿಕೋಟು. ನನ್ನಿಂದ ತಡೆಯಲಾಗಲಿಲ್ಲ.

"ಅವತ್ತ ನಾ ವ್ಯಾಳ್ಯಾದಾಗ ಮುಗಿಸಿದ್ನಿ, ಹೌದಲ್ಲೋರಿ?"

ಹುಡುಗಿಯೇ ಪ್ರಶ್ನೆ ಕೇಳಿದ್ದಕ್ಕೆ ತುಂಗಾ ಅತ್ಯಾ ಕೈಯೊಳಗಿನ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. ಇವರು ಮಾತ್ರ ಗಂಭೀರವಾಗಿ ಗೋಣು ಹಾಕಿದರು. ನಾನು ಒಪ್ಪಿದೆ. ಬೇರೆಯವರು ಸಂಬಳ ನೋಡಿ, ರೂಪ ನೋಡಿ ಒಪ್ಪುತ್ತಾರೆ. ನಾನು ನಿಷ್ಪಕ್ಷಪಾತ ನೋಡಿ ಒಪ್ಪಿದವಳು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಲಗ್ನವಾದ ಮೇಲೆ ಇವರು ಕೊಟ್ಟ ಮಾತು ಒಂದೇ. "ಸಮುದ್ರದ ಪರ ಅಷ್ಟ ಮಾತಾಡಿದಿ. ಒಮ್ಮೆ ನೋಡಿ ಬರೋಣು." ಕಾರವಾರದಲ್ಲಿ ಇವರ ಗೆಳೆಯರೊಬ್ಬರು ಮಾಸ್ತರರಿದ್ದರು. ಬಾಗಲಕೋಟೆಯಲ್ಲಿ ಗಾಡಿ ಹತ್ತಿದರೆ ಗದಗು, ಹುಬ್ಬಳ್ಳಿ, ಅಲ್ಲಿಂದ ಮೋಟಾರು. ಭೂಪಟದ ಮೇಲೆ ನನ್ನ ಗೇಣಿನಷ್ಟೂ ಇರಲಿಲ್ಲ.

ಆದರೆ ನಮ್ಮ ಕಡೆ ದೂರದ ಪ್ರಯಾಣಕ್ಕೆ ಹೋಗುವವರು ಹಿರಿಯರಿಗೆ ಹೇಳಿ ಹೋಗಬೇಕು. ಕಾಗದ ಬರೆದರೆ ಆಗುವುದಿಲ್ಲ. ಹೋಗಿ, ಕೂತು, ಉಂಡು, ನಮಸ್ಕರಿಸಿ ಹೇಳಬೇಕು. ಸಮುದ್ರ ಇರುವುದು ಪಶ್ಚಿಮಕ್ಕೆ, ಹಿರಿಯರು ಇರುವುದು ಪೂರ್ವಕ್ಕೆ. ಹೀಗಾಗಿ ಸಮುದ್ರದ ಕಡೆಗಿನ ನಮ್ಮ ಪ್ರತಿಯೊಂದು ಪ್ರಯಾಣವೂ ಸಮುದ್ರಕ್ಕೆ ಬೆನ್ನು ಮಾಡಿಯೇ ಶುರುವಾಗುತ್ತಿತ್ತು. ಇಡೀ ನಾಡು ಒಂದಾದ ಮೇಲೂ ಕಾರವಾರದ ದಾರಿ ತುಂಗಾ ಅತ್ಯಾನ ಅಡುಗೆಮನೆಯ ಮೂಲಕವೇ ಹೋಗುತ್ತಿತ್ತು.

ಮೊದಲ ದೀಪಾವಳಿಯ ಸೂಟಿಯಲ್ಲಿ ಹಾಗೆಯೇ ಆಯಿತು. ಇಳಕಲ್ಲಿಗೆ ಹೋಗಿ ಅವ್ವನಿಗೆ ಹೇಳಿದೆವು. ಅವ್ವ ಉಡಿ ತುಂಬಿದಳು. ಆಮೇಲೆ ಪೆಟ್ಟಿಗೆ ತೆಗೆದು ಗುಳೇದಗುಡ್ಡದ ಹಸಿರು ಕುಪ್ಪಸದ ಖಣವೊಂದನ್ನು ಕೊಟ್ಟಳು.

"ಇದು ಯಾರಿಗವ್ವಾ?"

"ಸಮುದ್ರಕ್ಕ. ಹೊಳಿಗೆ ಉಡಿ ತುಂಬ್ತೇವಿ, ಎಲ್ಲಾ ಹೊಳಿ ಹೋಗಿ ಸೇರೋದು ಅಲ್ಲೇ ಅಲ್ಲೇನು? ಆಕಿ ತವರುಮನಿ ಅದು. ಬರೀ ಕೈಲೆ ಹ್ಯಾಂಗ ಹೋಗ್ತೀ?"

"ಸಮುದ್ರ ಗಂಡಸ ಅವ್ವಾ, ರಾಜ ಅಂತಾರ. ಖಣ ತೊಗೊಂಡು ಏನು ಮಾಡ್ತಾನ?"

"ಹೆಂಡ್ತಿಗೆ ಕೊಡ್ತಾನ ತೊಗೋ. ಎಲ್ಲಾದಕ್ಕೂ ಒಂದು ಪ್ರಶ್ನಿ!"

ಖಣ ಚೀಲಕ್ಕೆ ಹೋಯಿತು. ಹುನಗುಂದದಲ್ಲಿ ಅತ್ಯಾ ನಮ್ಮನ್ನು ಬಿಡಲಿಲ್ಲ. "ಮೊದಲ ವರ್ಷ, ಸಂಗಮಕ್ಕ ಹೋಗದ ಸಮುದ್ರಕ್ಕ ಹೋಗ್ತೀರೇನು?" ಎಂದು ಎತ್ತಿನ ಗಾಡಿ ಕಟ್ಟಿಸಿದರು. ಕೂಡಲಸಂಗಮದಲ್ಲಿ ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುವಲ್ಲಿ ದಂಡೆಯ ಮೇಲೆ ನಿಂತೆವು. ಅತ್ಯಾ ದೇವರಿಗೆ ಸುತ್ತು ಹಾಕಲು ಹೋಗಿದ್ದರು. ಇವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಉಸುಕಿನಲ್ಲಿ ನನ್ನ ಜೊತೆ ಬಹಳ ದೂರ ನಡೆದರು. ಲಗ್ನವಾದ ಮೇಲೆ ಯಾರೂ ಕರೆಯದೆ, ಯಾರೂ ಕೂಗದೆ ನಾವಿಬ್ಬರೇ ಇದ್ದದ್ದು ಅದೇ ಮೊದಲು.

"ಇದನ್ನ ಸಮುದ್ರ ಅಂತ ತಿಳ್ಕೊಂಡ್ರ ಹ್ಯಾಂಗ?" ಎಂದರು.

"ತಿಳ್ಕೊಳ್ಳೋದು ಬ್ಯಾರೆ, ಇರೋದು ಬ್ಯಾರೆ. ಆಚಿ ದಂಡಿ ಕಾಣಸ್ತದ. ದಂಡಿ ಕಂಡ್ರ ಸಮುದ್ರ ಅಲ್ಲ," ಎಂದೆ.

"ನೀ ಕಂಡೀ ಏನು ಸಮುದ್ರ?"

"ನೀವು ಕಂಡೀರೇನು?"

ಇಬ್ಬರೂ ನಕ್ಕೆವು. ಸೂಟಿ ಮುಗಿದಿತ್ತು. ಹೋಗುವಾಗ ಅಮೀನಗಡದಲ್ಲಿ ಮೋಟಾರು ನಿಂತಾಗ ಕಾರವಾರದ ಗೆಳೆಯರಿಗೆಂದು ಕೊಂಡ ಕರದಂಟನ್ನು ಬಾಗಲಕೋಟೆಯಲ್ಲಿ ನಾವೇ ತಿಂದೆವು.

ಮರುವರ್ಷ ನಾನು ಹಟ ಹಿಡಿದೆ. ಹಿರಿಯರಿಗೆ ಹೇಳುವುದನ್ನೆಲ್ಲ ಶನಿವಾರ ರವಿವಾರಗಳಲ್ಲಿ ಮೊದಲೇ ಹೇಳಿ ಮುಗಿಸಿ, ಸೂಟಿ ಸಿಕ್ಕ ಕೂಡಲೇ ನೇರವಾಗಿ ಗಾಡಿ ಹತ್ತುವುದು. ಅತ್ಯಾ ಮುನಿಸಿಕೊಂಡರೂ ಒಪ್ಪಿದರು. ಅವ್ವನ ಖಣ ಚೀಲದಲ್ಲೇ ಇತ್ತು. ದಾರಿಯಲ್ಲಿ ಬಾದಾಮಿಯೊಂದು ಬರುತ್ತಿತ್ತು. ಅಲ್ಲಿ ನನ್ನ ಸೋದರಮಾವನ ಮನೆ. ಮಾಮಾನ ಊರಿನ ಟೇಶನ್ನು ಬಂದರೂ ಇಳಿಯದೆ ಮುಂದೆ ಹೋಗುವಷ್ಟು ವಿಚಾರವಾದ ನನ್ನಲ್ಲಿಯೂ ಇರಲಿಲ್ಲ. ಒಂದು ರಾತ್ರಿ ಉಳಿದು, ಮರುದಿನ ಸಂಜೆಯ ಗಾಡಿಗೆ ಮುಂದೆ ಹೋಗುವುದೆಂದು ಗೊತ್ತಾಯಿತು.

ಮರುದಿನ ಊಟವಾದ ಮೇಲೆ ಮಾಮಾ ಹೇಳಿದ. "ಟಾಂಗಾದ ಹುಸೇನಸಾಬಗ ಹೇಳೇನಿ. ಟೇಶನ್ನು ದೂರದ, ಲಗೂನ ಹೊಂಡ್ರಿ. ಅಲ್ಲೀತನಕ ಹೊಂಡದ ಕಡೆ ಅಡ್ಡಾಡಿ ಬರ್ರಿ."

ಬುತ್ತಿಯ ಗಂಟು, ಚೀಲ ಎತ್ತಿಕೊಂಡು ಹೊಂಡಕ್ಕೆ ಹೋದೆವು. ಅಲ್ಲಿಂದಲೇ ಟಾಂಗಾ ಹತ್ತುವುದೆಂದಾಗಿತ್ತು. ಹುಸೇನಸಾಬ ಓಣಿಯ ಮೂಲೆಯಲ್ಲಿ ಕುದುರೆಗೆ ಹುಲ್ಲು ಹಾಕಿ ನಿಂತಿದ್ದ. ಇವರು ಅವನಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ: "ನೀ ಇಲ್ಲೇ ಇರು. ಹೊತ್ತಾತಂದ್ರ ನಾ ಕೈ ಮಾಡ್ತೇನಿ."

ಎರಡೂ ಮಗ್ಗುಲಿಗೆ ಕೆಂಪು ಗುಡ್ಡ, ನಡುವೆ ಹಸಿರು ನೀರು. ಹೆಂಗಸರು ಅರಿವೆ ಒಗೆಯುವ ಸಪ್ಪಳ ಗುಡ್ಡಕ್ಕೆ ಹೋಗಿ ಬಡಿದು ಮತ್ತೊಮ್ಮೆ ಬರುತ್ತಿತ್ತು. ಒಂದು ಕೋತಿ ನಮ್ಮ ಬುತ್ತಿಯ ಮೇಲೆ ಕಣ್ಣಿಟ್ಟು, ಸಂಬಂಧವಿಲ್ಲದವರಂತೆ ಮುಖ ತಿರುವಿ ಕೂತಿತ್ತು. ಇವರು ಕೆಳಗಿನ ಪಾವಟಿಗೆಯ ಮೇಲೆ ಕೂತು, ನೀರಿಗೆ ಕಾಲು ಬಿಟ್ಟು ಹೇಳಿದರು:

"ಅವತ್ತ ಧಾರವಾಡದಾಗ ಸಮುದ್ರದ ಬಗ್ಗೆ ಏನೇನು ಹೇಳಿದ್ದಿ? ಇನ್ನೊಮ್ಮೆ ಹೇಳು."

"ಈಗ್ಯಾಕ? ನಾಳಿ ಸಮುದ್ರಾನೇ ನೋಡಾವ್ರಿದ್ದೇವಿ."

"ಅದಕ್ಕೇ. ನೋಡಿದ ಮ್ಯಾಲೆ ನೀ ಹಂಗ ಹೇಳಾಕ ಆಗೂದಿಲ್ಲ."

ಗಮನಿಸಿ, ಮಾತು ತೆಗೆದವರು ಯಾರು? ನಾನಲ್ಲ. ಕೇಳಿಕೊಂಡರು, ಹೇಳಿದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಾಯಿಬಡುಕತನವಾದರೆ ಲೋಕದ ಎಲ್ಲ ವಿದ್ಯಾರ್ಥಿಗಳೂ ಬಾಯಿಬಡುಕರೇ. ನಾನು ಪ್ರಾರಂಭದಿಂದ ಹೇಳಿದೆ. ಹೇಳುವಾಗ ಧಾರವಾಡದಲ್ಲಿ ಹೊಳೆಯದಿದ್ದ ಕೆಲವು ಮಾತೂ ಹೊಳೆದವು, ಅವನ್ನೂ ಸೇರಿಸಿದೆ. ಒಗೆಯುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ಕೈ ನಿಲ್ಲಿಸಿ ಕೇಳಹತ್ತಿದಳು. ನಡುವೆ ಇವರು ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ನನಗೊಂದು ಕೊಟ್ಟು ತಾವೊಂದು ಮುರಿದುಕೊಂಡರು. ಕೋತಿಗೂ ಒಂದು ತುಂಡು ಹೋಯಿತು. ಗಾಡಿಯಲ್ಲಿ ಉಣ್ಣುವ ಬುತ್ತಿಯನ್ನು ಗಾಡಿ ಹತ್ತುವ ಮೊದಲೇ ಬಿಚ್ಚುವ ಮನುಷ್ಯರಲ್ಲ ಇವರು. ಆಗ ನನಗೆ ಅದು ವಿಚಿತ್ರವೆನಿಸಲಿಲ್ಲ. ನಾನು ಸಮುದ್ರದ ಮಧ್ಯದಲ್ಲಿದ್ದೆ.

ಗುಡ್ಡದ ಮೇಲಿನ ಬಿಸಿಲು ಇಳಿದಾಗ ಎಲ್ಲೋ ದೂರ ಸಿಳ್ಳು ಕೇಳಿಸಿದಂತಾಯಿತು. ಹುಸೇನಸಾಬ ಓಡುತ್ತ ಬಂದ.

"ಮಾಸ್ತರ್ರ, ಗಾಡಿ ಹೋತಲ್ರಿ! ನೀವು ಕೈ ಮಾಡ್ತೀರಂತ ನಾ ನೋಡಕೋತ ನಿಂತೇನ್ರಿ."

"ಹೌದೇನು?" ಎಂದರು ಇವರು. ಕಿಸೆಯಿಂದ ಗಡಿಯಾರ ತೆಗೆದು ನೋಡಿ, ಅದಕ್ಕೆ ನಿಧಾನವಾಗಿ ಕೀಲಿ ಕೊಟ್ಟರು. ನಾನು ಅಳಬೇಕೋ ಜಗಳಾಡಬೇಕೋ ತಿಳಿಯದೆ ಎದ್ದು ನಿಂತಿದ್ದೆ. ಬಟ್ಟೆ ಒಗೆಯುವಾಕೆ ಮಾತ್ರ, "ಬಾಯಾರ, ಆಮ್ಯಾಲೇನಾತ್ರಿ?" ಎಂದು ಕೇಳಿದಳು.

ಮರುದಿನದ ಗಾಡಿಗೆ ಹೋಗಿದ್ದರೆ ಕಾರವಾರಕ್ಕೆ ಮುಟ್ಟಿದ ಕೂಡಲೇ ಹೊರಳಬೇಕಿತ್ತು. ಆ ವರ್ಷದ ಸೂಟಿ ಐದೇ ದಿನದ್ದು, ಇವರ ಸಾಲೆ ತೆರೆಯುವ ದಿನ ಬಂದುಬಿಡುತ್ತಿತ್ತು. ಮಾಮಾ ಈ ಸಂಗತಿಯನ್ನು ಹುನಗುಂದಕ್ಕೆ ಹೋದಾಗ ಅತ್ಯಾನ ಮುಂದೆ ಹೇಳಿದ. "ನಮ್ಮ ಸುಮಿ ಮಾತಾಡಕೋತ ಕೂತಳು, ಗಾಡಿ ಹೋತು" ಎಂದು ಅವನು ಹೇಳಿದ್ದು ಇಷ್ಟೇ. ಉಳಿದದ್ದನ್ನೆಲ್ಲ ಅತ್ಯಾ ತಾವೇ ನೇಯ್ದರು.

ಈಗ ಗಂಟೆಗೆ ಬರೋಣ. ಕಿಟಕಿಯಲ್ಲಿ ಅದು ಟಣ್ ಎಂದ ಕೂಡಲೇ ನನಗೆ ಹೊಳೆದದ್ದು ಇದು. ಇಷ್ಟು ದಿನ ಬಾದಾಮಿಯದು ಇವರ ಮರೆವು ಎಂದುಕೊಂಡು ನಾನು ಸುಮ್ಮನಿದ್ದೆ. ಆದರೆ ಮರೆಯುವ ಮನುಷ್ಯರೇನು ಇವರು? ವೇಳೆಯ ಲಕ್ಷ್ಯವಿಲ್ಲದವರೆಂದು ಒಪ್ಪಿದರೆ ಧಾರವಾಡದ ಸಾಕ್ಷಿ ಬಿದ್ದುಹೋಗುತ್ತದೆ. ಅಂದೂ ಲಕ್ಷ್ಯವಿಲ್ಲದೆಯೇ "ವೇಳೆಯ ಒಳಗೇ" ಎಂದಿರಬೇಕು. ನನ್ನ ಢಾಲಿಗೆ ಬೆಲೆಯಿಲ್ಲ. ಇಲ್ಲ, ಇವರು ವೇಳೆಯಲ್ಲಿ ಕಟ್ಟುನಿಟ್ಟಿನವರೇ ಎಂದು ಹಿಡಿದರೆ, ಬಾದಾಮಿಯಲ್ಲಿ ಗಾಡಿಯ ಹೊತ್ತು ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಮಾಡಲಿಲ್ಲ. ಬೇಕೆಂತಲೇ ಸಮುದ್ರವನ್ನು ಬಿಟ್ಟುಕೊಟ್ಟು, ಆ ತಪ್ಪನ್ನು ಊರೆಲ್ಲ ನನ್ನ ತಲೆಗೆ ಕಟ್ಟುವಾಗ ಅಡಿಕೆ ಕತ್ತರಿಸುತ್ತ ಕೂತರು. ಇನ್ನು ಒಮ್ಮೆ ಹಾಗೆ ವೇಳೆ ಮೀರಲು ಬಿಟ್ಟವರು ಧಾರವಾಡದಲ್ಲಿಯೂ ಬಿಟ್ಟಿರಲಿಕ್ಕಿಲ್ಲ ಎಂದು ಹೇಗೆ ನಂಬಲಿ? ಎತ್ತ ಹೊರಳಿದರೂ ಪೆಟ್ಟು ನನ್ನ ಢಾಲಿಗೇ. ಇಷ್ಟು ಚೆನ್ನಾದ ವಾದವನ್ನು ನಾನು ಸ್ಪರ್ಧೆಗಳಲ್ಲಿಯೂ ಕಟ್ಟಿರಲಿಲ್ಲ. ನನ್ನ ವಿರುದ್ಧವೇ ಕಟ್ಟಿದ್ದೊಂದು ಬೇಸರ.

ಆ ಢಾಲು ಈಗಲೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ದಿನಾ ಒರೆಸುವುದು ನಾನು. ಅದು ನ್ಯಾಯವಾಗಿ ಬಂದದ್ದೋ ಯಾರೋ ಬಿಟ್ಟುಕೊಟ್ಟದ್ದೋ ನನಗೆ ಗೊತ್ತಾಗಬೇಕು. ಅತ್ಯಾನ ಕಥೆ ಏನಾದರೂ ಆಗಲಿ. ಅದಕ್ಕೆ ಉತ್ತರ ಕೊಡಲು ನನಗೆ ಬಾಯಿದೆ. ಇದಕ್ಕೆ ಉತ್ತರ ಮಾತ್ರ ಒಬ್ಬರ ಹತ್ತಿರವೇ ಇದೆ, ಅವರದೋ ಮಾತು ಕಡಿಮೆ.

ಮೊನ್ನೆ ಸಂಜೆ ಸಾಲೆಯಿಂದ ಬಂದು ಚಹಾ ಕುಡಿಯುತ್ತ ಇವರೇ ವಿಷಯ ತೆಗೆದರು.

"ಈ ಸಲ ದೀಪಾವಳಿ ಸೂಟಿಗೆ ಕಾರವಾರಕ್ಕ ಹೋಗೋಣಲ್ಲಾ?"

"ಹೋಗೋಣ್ರಿ. ಆದ್ರ ಗಡಿಯಾರ ನನ್ನ ಕೈಯಾಗ ಇರಬೇಕು."

ಇವರು ಕಿಸೆಯಿಂದ ಗಡಿಯಾರ ತೆಗೆದು ಸರಪಳಿ ಸಮೇತ ನನ್ನ ಅಂಗೈಯಲ್ಲಿ ಇಟ್ಟರು. ಇಷ್ಟು ಸುಲಭವಾಗಿ ಕೊಟ್ಟರಲ್ಲ ಎಂದು ನನ್ನ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಗಡಿಯಾರ ಇವರ ಮೈಯ ಬಿಸಿಗೆ ಬೆಚ್ಚಗಿತ್ತು. ಅವ್ವನ ಹಸಿರು ಖಣ ಒಳಗೆ ಪೆಟ್ಟಿಗೆಯಲ್ಲಿದೆ, ಮಡಿಕೆ ಬಿಚ್ಚಿಲ್ಲ. ಅದನ್ನು ಹೇಗಾದರೂ ಸಮುದ್ರಕ್ಕೆ ಮುಟ್ಟಿಸಿಯೇನು. ಆ ಮೊದಲು ಈ ಒಂದು ತೀರ್ಮಾನವಾಗಲಿ ಎಂದು ಕಿಟಕಿಯ ಗಂಟೆಯನ್ನು ತಂದು ಇವರ ಎದುರಿಗೆ, ಚಹಾದ ಬಟ್ಟಲಿನ ಮಗ್ಗುಲಿಗೆ ಇಟ್ಟೆ. ಇವರು ಗಂಟೆ ನೋಡಿದರು, ನನ್ನ ಮುಖ ನೋಡಿದರು, ಧಾರವಾಡದಲ್ಲಿ ಕೂತ ಹಾಗೆಯೇ ಅಂಗೈಯನ್ನು ಗಂಟೆಯ ಮೇಲೆ ಇಟ್ಟುಕೊಂಡು, ಬಾರಿಸದೆ, ಕೇಳಲು ಕೂತರು.

"ಬಾದಾಮಿದು ಇರಲ್ರಿ. ಧಾರವಾಡದಾಗ, ಆ ತುಂಬಿದ ಸಭಾದಾಗ, ನನ್ನ ವ್ಯಾಳ್ಯಾ ಖರೇನ ಮುಗಿದಿರಲಿಲ್ಲೇನು, ಇಲ್ಲಾ ಮುಗಿದಮ್ಯಾಲೂ ನೀವು ಕೇಳಕೋತ ಕೂತಿದ್ರೇನು?"